ಜಿನ್ಸೆಂಗ್ ಊಲಾಂಗ್: ಹೆಸರು ಒಂದು ಬೇರಿನದು, ಸಿಹಿ ಇನ್ನೊಂದರದು

ಕೆಲವು ವರ್ಷಗಳ ಹಿಂದೆ ಅಮ್ಮ ಶಿವಮೊಗ್ಗದಿಂದ ಟೊರಾಂಟೊಗೆ ಬಂದು ಆರು ತಿಂಗಳು ನಮ್ಮೊಡನೆ ಇದ್ದರು. ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಮೇಲೆ ಅವರು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದರು. ಬಿಟ್ಟಿದ್ದರೇ ಹೊರತು ಮರೆತಿರಲಿಲ್ಲ. ಒಂದು ಸಂಜೆ ನಗರದ ಚೀನೀ ಪೇಟೆಯ ಅಂಗಡಿಯಲ್ಲಿ ಡಬ್ಬದಿಂದ ತೂಗಿಸಿ ತಂದಿದ್ದ ಜಿನ್ಸೆಂಗ್ ಊಲಾಂಗ್ ಚಹಾವನ್ನು ಅವರಿಗೆ ಕೊಟ್ಟೆ. ಹಾಲಿಲ್ಲ, ಸಕ್ಕರೆಯಿಲ್ಲ. ಮೊದಲ ಗುಟುಕಿಗೆ ಮುಖ ಕಿವುಚಿದರು. ಲೋಟ ಕೆಳಗಿಟ್ಟ ಅರೆಗಳಿಗೆಯ ಮೇಲೆ ಹುಬ್ಬೇರಿಸಿ, "ಇದರಲ್ಲಿ ಜೇಷ್ಠಮಧು ತೇದು ಹಾಕಿದ್ದಾರೆ ಕಣೇ" ಎಂದರು.

ಆ ಚಹಾವನ್ನು ನಾನು ಅದಾಗಲೇ ವರ್ಷಕ್ಕೂ ಮೇಲ್ಪಟ್ಟು ಕುಡಿಯುತ್ತಿದ್ದೆ. ಅದರ ಸಿಹಿಯೆಲ್ಲ ಜಿನ್ಸೆಂಗ್ ಬೇರಿನದೆಂದೇ ನಂಬಿದ್ದೆ. ಮಕ್ಕಳ ಕೆಮ್ಮಿಗೆ ನಲವತ್ತು ವರ್ಷ ಜೇಷ್ಠಮಧು ತೇದ ನಾಲಿಗೆ ಒಂದೇ ಗುಟುಕಿನಲ್ಲಿ ನನ್ನನ್ನು ತಿದ್ದಿತು. ಈ ಚಹಾದ ಹಿನ್ನೆಲೆ, ರುಚಿ ಮತ್ತು ಅದನ್ನು ಇಳಿಸುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ. ಅಮ್ಮನ ಆ ಒಂದು ಮಾತನ್ನು ನಾನು ಅಂದೇ ಗಂಭೀರವಾಗಿ ತೆಗೆದುಕೊಂಡಿದ್ದರೆ ತಪ್ಪಿಸಬಹುದಾಗಿದ್ದ ತೊಂದರೆಯೊಂದನ್ನು ಕೊನೆಯಲ್ಲಿ ಹೇಳುತ್ತೇನೆ.

ಹೆಸರು ಮತ್ತು ಹಿನ್ನೆಲೆ

ಚೀನೀ ಭಾಷೆಯಲ್ಲಿ ಈ ಚಹಾಕ್ಕೆ ಎರಡು ಹೆಸರುಗಳಿವೆ. ಒಂದು 'ರೆನ್‌ಶೆನ್ ವುಲಾಂಗ್', ಅಂದರೆ ಜಿನ್ಸೆಂಗ್ ಊಲಾಂಗ್. ಇನ್ನೊಂದು 'ಲಾನ್ ಗುಯ್‌ರೆನ್'. 'ಲಾನ್' ಎಂದರೆ ಆರ್ಕಿಡ್ ಹೂವು. 'ಗುಯ್‌ರೆನ್' ಎಂಬುದು ಚಿಂಗ್ ಅರಮನೆಯಲ್ಲಿ ಚಕ್ರವರ್ತಿಯ ಉಪಪತ್ನಿಯರ ಕೆಳಗಿನ ದರ್ಜೆಗಳಲ್ಲೊಂದು. ಮುಂದೆ ಚೀನಾದ ಆಡಳಿತವನ್ನೇ ಕೈಗೆ ತೆಗೆದುಕೊಂಡ ರಾಜಮಾತೆ ತ್ಸಿಶೀ 1852ರಲ್ಲಿ ಅರಮನೆಗೆ ಬಂದಾಗ ಆಕೆಗೆ ದೊರೆತ ಬಿರುದು ಇದೇ. ಹೀಗಾಗಿ ಹೆಸರಿನೊಡನೆ ಅರಮನೆಯ ಕಥೆಗಳೂ ಅಂಟಿಕೊಂಡಿವೆ. ಕೆಲವು ಪೊಟ್ಟಣಗಳ ಮೇಲೆ ಈ ಚಹಾ ಇನ್ನೂ ಹಿಂದಿನ ತಾಂಗ್ ವಂಶದ ಅಂತಃಪುರದಿಂದ ಬಂದುದೆಂದೂ ಬರೆದಿರುತ್ತದೆ.

ಈ ಕಥೆಗಳನ್ನು ಕಥೆಗಳಾಗಿಯೇ ಸವಿಯುವುದು ಒಳಿತು. ತಾಂಗ್ ವಂಶದ ಕಾಲ 618ರಿಂದ 907. ಆಗ ಚಹಾದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆಗಳಾಗಿ ಒತ್ತಿ ಒಣಗಿಸುತ್ತಿದ್ದರು. ಊಲಾಂಗ್ ಎಂದು ನಾವು ಗುರುತಿಸುವ ಹದದ ಬಿಡಿ ಎಲೆಯ ವಿವರಣೆ ದೊರೆಯುವುದು ಬಹಳ ತಡವಾಗಿ, 18ನೆಯ ಶತಮಾನದ ಆರಂಭದ ಹೊತ್ತಿಗೆ, ಫೂಜಿಯಾನ್ ಪ್ರಾಂತದ ವೂಯಿ ಬೆಟ್ಟಗಳ ಚಹಾದ ಬಗೆಗಿನ ಬರಹಗಳಲ್ಲಿ. ಅಲ್ಲದೆ ಈಗ ಈ ಚಹಾಕ್ಕೆ ಹೆಚ್ಚಾಗಿ ಬಳಕೆಯಾಗುವುದು ಅಮೆರಿಕದ ಜಿನ್ಸೆಂಗ್. ಅದು 18ನೆಯ ಶತಮಾನಕ್ಕೆ ಮೊದಲು ಚೀನಾವನ್ನು ತಲುಪಿರಲೇ ಇಲ್ಲ.

ಇಂದು ಈ ಚಹಾ ಫೂಜಿಯಾನ್, ಹೈನಾನ್ ದ್ವೀಪ ಮತ್ತು ತೈವಾನ್‌ಗಳಲ್ಲಿ ತಯಾರಾಗುತ್ತದೆ. ದಕ್ಷಿಣ ಫೂಜಿಯಾನಿನ ಆನ್‌ಶೀ ಪ್ರದೇಶ ಉಂಡೆಯಾಗಿ ಸುತ್ತಿದ ಊಲಾಂಗ್‌ಗೆ ಹೆಸರುವಾಸಿ. ಕನ್ನಡಿಗರಾದ ನಮಗೆ ಈ ಸೀಮೆಯೊಡನೆ ಒಂದು ನಂಟಿದೆ. ಅಲ್ಲಿನ ಮಿನ್ನಾನ್ ಆಡುನುಡಿಯಲ್ಲಿ ಚಹಾಕ್ಕೆ 'ತೆ' ಎನ್ನುತ್ತಾರೆ. ಡಚ್ ವ್ಯಾಪಾರಿಗಳ ಹಡಗಿನಲ್ಲಿ ಯೂರೋಪಿಗೆ ಹೋಗಿ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದ 'ಟೀ' ಇದೇ. ಚೀನಾದ ಉಳಿದ ಬಹುತೇಕ ಕಡೆ ಅದಕ್ಕೆ 'ಚಾ' ಎನ್ನುತ್ತಾರೆ. ನಮ್ಮ 'ಚಹಾ', 'ಚಾ'ಗಳು ಆ ಕುಲಕ್ಕೆ ಸೇರಿದವು. ಹುಬ್ಬಳ್ಳಿಯವರು ಚಹಾ ಎಂದಾಗ, ಮೈಸೂರಿನವರು ಟೀ ಎಂದಾಗ, ಇಬ್ಬರೂ ಚೀನೀ ಪದವನ್ನೇ ಆಡುತ್ತಿರುತ್ತಾರೆ.

ಒಳಗಿನ ಎಲೆ

ಹಸಿರು ಚಹಾ, ಕಪ್ಪು ಚಹಾ, ಊಲಾಂಗ್ ಮೂರೂ ಒಂದೇ ಜಾತಿಯ ಗಿಡದ ಎಲೆಗಳು. ವ್ಯತ್ಯಾಸವಿರುವುದು ಕೊಯ್ದ ಮೇಲಿನ ಸಂಸ್ಕರಣೆಯಲ್ಲಿ. ಎಲೆ ಜಜ್ಜಿದಾಗ ಅದರೊಳಗಿನ ಕಿಣ್ವಗಳು ಗಾಳಿಯ ಆಮ್ಲಜನಕದ ನೆರವಿನಿಂದ ಎಲೆಯ ಒಗರಿನ ಅಂಶಗಳನ್ನು ಬದಲಾಯಿಸುತ್ತವೆ. ಸೇಬು ಹೆಚ್ಚಿಟ್ಟರೆ ಕಂದಾಗುವುದು ಇದೇ ಕ್ರಿಯೆಯಿಂದ. ಇದನ್ನು ಉತ್ಕರ್ಷಣ ಎನ್ನುತ್ತಾರೆ. ಹಸಿರು ಚಹಾದಲ್ಲಿ ಕೊಯ್ದ ಬಳಿಕ ಬೇಗನೆ ಎಲೆಗೆ ಬಿಸಿ ಮುಟ್ಟಿಸಿ ಇದನ್ನು ತಡೆಯುತ್ತಾರೆ. ಕಪ್ಪು ಚಹಾದಲ್ಲಿ ಪೂರ್ತಿಯಾಗಿ ನಡೆಯಲು ಬಿಡುತ್ತಾರೆ. ಊಲಾಂಗ್ ಇವೆರಡರ ನಡುವಿನದು.

ಎಲೆಯನ್ನು ಬಾಡಿಸಿ, ಬಿದಿರಿನ ತಟ್ಟೆಗಳಲ್ಲಿ ಹಾಕಿ ಮತ್ತೆ ಮತ್ತೆ ಅಲುಗಾಡಿಸುತ್ತಾರೆ. ಅಂಚುಗಳು ಒಂದಕ್ಕೊಂದು ತಾಗಿ ಗಾಯಗೊಂಡು ಕೆಂಪಾಗುತ್ತವೆ, ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಬೇಕಾದ ಪರಿಮಳ ಬಂದಿದೆಯೆಂದು ಅನುಭವಿಗಳ ಮೂಗು ಹೇಳಿದಾಗ ಬಿಸಿ ಬಾಣಲೆಯಲ್ಲಿ ಹುರಿದು ಕ್ರಿಯೆಯನ್ನು ನಿಲ್ಲಿಸುತ್ತಾರೆ. ಆಮೇಲೆ ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಒತ್ತಿ ಹೊರಳಿಸಿ, ಬಿಚ್ಚಿ, ಮತ್ತೆ ಕಟ್ಟಿ, ಹಲವು ಸುತ್ತುಗಳಲ್ಲಿ ಗಟ್ಟಿ ಉಂಡೆಗಳನ್ನಾಗಿ ಮಾಡಿ ಒಣಗಿಸುತ್ತಾರೆ.

ಸಾಮಾನ್ಯ ಊಲಾಂಗ್ ಇಲ್ಲಿಗೆ ಮುಗಿಯಿತು. ಜಿನ್ಸೆಂಗ್ ಊಲಾಂಗ್‌ಗೆ ಇನ್ನೊಂದು ಹಂತವಿದೆ. ಆ ಉಂಡೆಗಳನ್ನು ತುಸು ತೇವಗೊಳಿಸಿ, ಬೇರಿನ ನುಣ್ಣನೆಯ ಪುಡಿಯಲ್ಲಿ ಹೊರಳಿಸಿ, ಪುನಃ ಒಣಗಿಸುತ್ತಾರೆ. ಸಿದ್ಧವಾದ ಚಹಾ ನೋಡಲು ಚಹಾದಂತೆಯೇ ಇರುವುದಿಲ್ಲ. ಬೂದುಹಸಿರು ಬಣ್ಣದ, ಮೆಣಸಿನ ಕಾಳಿಗಿಂತ ದಪ್ಪನೆಯ, ಹೊಳೆಯಿಂದ ಆರಿಸಿ ತಂದ ಸಣ್ಣ ಕಲ್ಲುಗಳಂತಹ ಗುಳಿಗೆಗಳು ಅವು. ಒಂದು ಎಚ್ಚರಿಕೆ: ಲೇಪ ದಪ್ಪವಾಗಿದ್ದಷ್ಟೂ ಒಳಗಿನ ಎಲೆಯ ದೋಷ ಮುಚ್ಚಿಹೋಗುತ್ತದೆ. ಆದ್ದರಿಂದ ಅತ್ಯುತ್ತಮ ದರ್ಜೆಯ ಎಲೆಯನ್ನು ಸಾಮಾನ್ಯವಾಗಿ ಇದಕ್ಕೆ ಬಳಸುವುದಿಲ್ಲ.

ಹೊರಗಿನ ಎರಡು ಬೇರುಗಳು

ಜಿನ್ಸೆಂಗ್ ಎಂಬುದು 'ರೆನ್‌ಶೆನ್' ಪದದ ರೂಪಾಂತರ. 'ರೆನ್' ಎಂದರೆ ಮನುಷ್ಯ. ಕವಲೊಡೆದ ಬೇರು ಕೈಕಾಲುಳ್ಳ ಮನುಷ್ಯಾಕೃತಿಯನ್ನು ಹೋಲುವುದರಿಂದ ಈ ಹೆಸರು. ಫ್ರಾನ್ಸಿನ ಜೆಸ್ಯೂಟ್ ಪಾದ್ರಿ ಪಿಯೆರ್ ಜಾರ್ತೂ 1711ರಲ್ಲಿ ಚೀನಾದಿಂದ ಬರೆದ ಪತ್ರವೊಂದರಲ್ಲಿ ಈ ಗಿಡವನ್ನು ವರ್ಣಿಸಿ, ಇಂತಹುದೇ ಹವೆಯಿರುವ ಕೆನಡಾದಲ್ಲಿಯೂ ಇದು ಬೆಳೆಯುತ್ತಿರಬಹುದೆಂದು ಊಹಿಸಿದರು. ಆ ವರ್ಣನೆಯನ್ನು ಓದಿದ ಇನ್ನೊಬ್ಬ ಜೆಸ್ಯೂಟ್ ಪಾದ್ರಿ ಜೋಸೆಫ್ ಫ್ರಾನ್ಸ್ವಾ ಲಾಫಿತೋ 1716ರಲ್ಲಿ ಮಾಂಟ್ರಿಯಲ್ ಬಳಿ ಮೊಹಾಕ್ ಜನರ ನೆರವಿನಿಂದ ಅದರ ಹತ್ತಿರದ ಸಂಬಂಧಿಯನ್ನು ಗುರುತಿಸಿದರು. ಮೊಹಾಕರು ಆ ಬೇರನ್ನು ಮೊದಲೇ ಅರಿತಿದ್ದರು.

ಅಲ್ಲಿಂದ ಅಮೆರಿಕದ ಬೇರು ಚೀನಾಕ್ಕೆ ಹೊರಟಿತು. 1784ರಲ್ಲಿ ನ್ಯೂಯಾರ್ಕಿನಿಂದ ಕ್ಯಾಂಟನ್ನಿಗೆ ಹೊರಟ 'ಎಂಪ್ರೆಸ್ ಆಫ್ ಚೈನಾ' ಎಂಬ ಹಡಗಿನಲ್ಲಿ ಸುಮಾರು 30 ಟನ್ ಜಿನ್ಸೆಂಗ್ ಇತ್ತು. ಮರಳಿ ಬರುವಾಗ ಅದು ಹೊತ್ತು ತಂದ ಸರಕಿನಲ್ಲಿ ಮುಖ್ಯವಾದದ್ದು ಚಹಾ. ಈ ಚಹಾದ ಒಂದು ಗುಳಿಗೆಯಲ್ಲಿ ಅಂಟಿಕೊಂಡಿರುವ ಎಲೆ ಮತ್ತು ಬೇರು ಹಿಂದೊಮ್ಮೆ ಹೀಗೆ ಒಂದಕ್ಕೊಂದು ಬದಲಾಗಿ ಸಾಗರ ದಾಟಿದವು.

ನಮ್ಮ ಒಂಟೇರಿಯೊ ಪ್ರಾಂತದ ದಕ್ಷಿಣಕ್ಕೆ, ಈರೀ ಸರೋವರದ ಕಡೆಗೆ ಹೋಗುವ ದಾರಿಯಲ್ಲಿ, ಕಪ್ಪು ಚಪ್ಪರ ಹಾಸಿದ ವಿಶಾಲ ಹೊಲಗಳು ಕಾಣುತ್ತವೆ. ಅವು ಜಿನ್ಸೆಂಗ್ ತೋಟಗಳು. ಇದು ಕಾಡಿನ ನೆರಳಿನ ಗಿಡವಾದ್ದರಿಂದ ಬಯಲಿನಲ್ಲಿ ಬೆಳೆಯಲು ನೆರಳನ್ನು ಕಟ್ಟಿಯೇ ಕೊಡಬೇಕು. ಬೇರು ಮಾಗಲು ಮೂರರಿಂದ ಐದು ವರ್ಷ ಕಾಯಬೇಕು. ಏಲಕ್ಕಿಗೂ ಕಾಫಿಗೂ ಮರದ ನೆರಳು ಕೊಟ್ಟು ಬೆಳೆಸುವ ಮಲೆನಾಡಿನವರಿಗೆ ಈ ಬೆಳೆಯ ಸ್ವಭಾವ ಬೇಗನೆ ಅರ್ಥವಾಗುತ್ತದೆ. ಬೇಡಿಕೆಯ ಭರದಲ್ಲಿ ಕಿತ್ತು ಕಿತ್ತು ಕಾಡಿನ ಜಿನ್ಸೆಂಗ್ ಇಂದು ಕೆನಡಾದಲ್ಲಿ ಅಳಿವಿನಂಚಿಗೆ ಬಂದಿದೆ. ಚೀನೀ ವೈದ್ಯದಲ್ಲಿ ಏಷ್ಯಾದ ಜಿನ್ಸೆಂಗ್ ಉಷ್ಣ, ಅಮೆರಿಕದ್ದು ತಂಪು ಎಂಬ ಎಣಿಕೆಯಿದೆ. ಉಷ್ಣ, ತಂಪುಗಳ ಲೆಕ್ಕ ನಮ್ಮ ಅಡುಗೆಮನೆಗೂ ಹೊಸದಲ್ಲ.

ಆದರೆ ಜಿನ್ಸೆಂಗ್ ಸಿಹಿ ಬೇರಲ್ಲ. ಅದರ ಮುಖ್ಯ ಸತ್ವಗಳು ಕಹಿ. ಚಹಾದಲ್ಲಿ ಅದು ಕೊಡುವುದು ತುಸು ಮಣ್ಣಿನ, ತುಸು ಕಟ್ಟಿಗೆಯ ವಾಸನೆಯನ್ನು ಮತ್ತು ಹಿತವಾದ ಕಹಿಯನ್ನು. ಸಿಹಿಯೆಲ್ಲ ಎರಡನೆಯ ಬೇರಿನದು, ಜೇಷ್ಠಮಧುವಿನದು. ಇದಕ್ಕೆ ಅತಿಮಧುರ, ಯಷ್ಟಿಮಧು ಎಂದೂ ಹೆಸರಿದೆ. ಸಂಸ್ಕೃತದ ಯಷ್ಟಿಮಧು ಎಂದರೆ ಕೋಲಿನಲ್ಲಿರುವ ಜೇನು. ಚೀನೀ ಹೆಸರು 'ಗಾನ್‌ಸಾವ್', ಸಿಹಿ ಹುಲ್ಲು. ಗ್ರೀಕ್ ಮೂಲದ 'ಗ್ಲಿಸಿರೈಜಾ' ಎಂಬ ಸಸ್ಯಶಾಸ್ತ್ರೀಯ ಹೆಸರಿನ ಅರ್ಥ ಸಿಹಿ ಬೇರು. ಮೂರು ನಾಗರಿಕತೆಗಳು ಒಂದೇ ಗುಣವನ್ನು ನೋಡಿ ಹೆಸರಿಟ್ಟಿವೆ. ಚೀನಾದಲ್ಲಿ ಬಳಕೆಯಾಗುವುದು ಮುಖ್ಯವಾಗಿ ಇದೇ ಕುಲದ ಇನ್ನೊಂದು ಪ್ರಭೇದ. ಅಲ್ಲಿನ ಅಸಂಖ್ಯ ಔಷಧಯೋಗಗಳಲ್ಲಿ ಇದನ್ನು ಉಳಿದ ಮೂಲಿಕೆಗಳನ್ನು ಹೊಂದಿಸುವುದಕ್ಕಾಗಿ ಸೇರಿಸುತ್ತಾರೆ. ಇದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಎಂಬ ವಸ್ತು ಸಕ್ಕರೆಗಿಂತ ಸುಮಾರು 30ರಿಂದ 50 ಪಟ್ಟು ಸಿಹಿ.

ರುಚಿ

ಒಣ ಗುಳಿಗೆಗೆ ಹೆಚ್ಚಿನ ವಾಸನೆಯಿಲ್ಲ. ಬಿಸಿನೀರು ಬಿದ್ದೊಡನೆ ಗಂಧಿಗೆ ಅಂಗಡಿಯ ಬಾಗಿಲು ತೆರೆದಂತೆ ಬೇರಿನ ಪರಿಮಳ ಏಳುತ್ತದೆ. ಮೊದಲ ಗುಟುಕಿನ ಆರಂಭದಲ್ಲಿ ಸಿಹಿ ಕಾಣುವುದಿಲ್ಲ. ಕಟ್ಟಿಗೆಯ ರುಚಿ, ಸಣ್ಣ ಕಹಿ, ಊಲಾಂಗಿನ ಹೂವಿನ ಛಾಯೆ ಇಷ್ಟೇ. ನುಂಗಿದ ಮೇಲೆ ನಾಲಿಗೆಯ ಬುಡದಿಂದ, ಗಂಟಲಿನಿಂದ ಸಿಹಿ ಮೇಲೇರಿ ಬಂದು ಬಹಳ ಹೊತ್ತು ನಿಲ್ಲುತ್ತದೆ. ಗ್ಲಿಸಿರೈಜಿನ್‌ನ ಸಿಹಿ ತಡವಾಗಿ ತೊಡಗಿ ನಿಧಾನವಾಗಿ ಇಳಿಯುವುದೇ ಇದಕ್ಕೆ ಕಾರಣ.

ನುಂಗಿದ ಮೇಲೆ ಮರಳಿ ಬರುವ ಸಿಹಿಗೆ ಚೀನೀಯರಲ್ಲಿ 'ಹುಯ್‌ಗಾನ್' ಎಂಬ ಮಾತಿದೆ. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯ ಊಲಾಂಗ್‌ನಲ್ಲಿ ಎಲೆಯ ಒಗರು ಕರಗಿದ ಮೇಲೆ ಇದು ತಾನಾಗಿ ಹುಟ್ಟುತ್ತದೆ. ಜಿನ್ಸೆಂಗ್ ಊಲಾಂಗ್‌ನಲ್ಲಿ ಅದೇ ಅನುಭವವನ್ನು ಜೇಷ್ಠಮಧು ಹೊರಗಿನಿಂದ ತಂದು ಕೊಡುತ್ತದೆ. ಇವೆರಡನ್ನು ಬೇರ್ಪಡಿಸಿ ಗುರುತಿಸುವ ದಾರಿ ಸರಳವಾಗಿದೆ. ಅದೇ ಎಲೆಗೆ ಮೂರನೆಯ, ನಾಲ್ಕನೆಯ ಬಾರಿ ನೀರೆರೆದು ಕುಡಿಯಿರಿ. ಆ ಹೊತ್ತಿಗೆ ಲೇಪ ಬಹುಪಾಲು ತೊಳೆದುಹೋಗಿರುತ್ತದೆ. ಆಗಲೂ ಹೂವಿನ ಪರಿಮಳ ಮತ್ತು ಹಗುರಾದ ಸಿಹಿ ಉಳಿದಿದ್ದರೆ ಒಳಗಿನ ಎಲೆ ಒಳ್ಳೆಯದು. ಬರಿಯ ಸಪ್ಪೆ ನೀರಾದರೆ ನೀವು ಕೊಂಡದ್ದು ಲೇಪವನ್ನು ಮಾತ್ರ.

ಇಳಿಸುವ ಬಗೆ

ಈ ಚಹಾಕ್ಕೆ ಕುದಿಯುವ ಅಥವಾ ಕುದಿಯುವುದಕ್ಕೆ ಸಮೀಪದ, 95 ಡಿಗ್ರಿಗೂ ಮೇಲಿನ ನೀರು ಬೇಕು. ಗುಳಿಗೆ ಗಟ್ಟಿಯಾದ್ದರಿಂದ ತಣ್ಣನೆಯ ನೀರಿಗೆ ಬಿಚ್ಚಿಕೊಳ್ಳುವುದಿಲ್ಲ. ಎಲೆ ಅರಳಲು ಜಾಗವೂ ಬೇಕು. ಆದ್ದರಿಂದ ಸಣ್ಣ ಜಾಲರಿಯ ಗುಂಡಿನೊಳಗೆ ತುಂಬಬಾರದು.

ಚೀನೀ ಕ್ರಮದಲ್ಲಿ ಮುಚ್ಚಳವಿರುವ ಸುಮಾರು 110 ಮಿಲಿಲೀಟರಿನ ಬಟ್ಟಲಿಗೆ 5 ಗ್ರಾಂ ಚಹಾ ಹಾಕುತ್ತಾರೆ. ಮೊದಲು ಬಿಸಿನೀರು ಸುರಿದು ಐದು ಸೆಕೆಂಡಿನಲ್ಲಿ ಚೆಲ್ಲಿಬಿಡಬೇಕು. ಇದರಿಂದ ಸಡಿಲವಾದ ಪುಡಿ ಹೋಗಿ ಗುಳಿಗೆ ಮೆತ್ತಗಾಗತೊಡಗುತ್ತದೆ. ಆಮೇಲೆ ಮೊದಲ ಸುತ್ತಿಗೆ 40 ಸೆಕೆಂಡು, ಎರಡನೆಯದಕ್ಕೆ 30 ಸೆಕೆಂಡು, ಅಲ್ಲಿಂದ ಮುಂದೆ ಪ್ರತಿ ಸುತ್ತಿಗೂ 10ರಿಂದ 15 ಸೆಕೆಂಡು ಹೆಚ್ಚಿಸುತ್ತ ಹೋಗಬಹುದು. ಐದಾರು ಸುತ್ತು ಸಲೀಸಾಗಿ ಬರುತ್ತದೆ. ಈ ಸಲಕರಣೆ ಇಲ್ಲದವರು 250 ಮಿಲಿಲೀಟರ್ ನೀರಿಗೆ 3 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು, ಹಾಕಿ ಮೂರು ನಿಮಿಷ ಮುಚ್ಚಿಟ್ಟು ಸೋಸಿದರೆ ಸಾಕು. ಅದೇ ಎಲೆಗೆ ಇನ್ನೂ ಎರಡು ಮೂರು ಬಾರಿ ನೀರೆರೆಯಬಹುದು. ಮೊದಲ ಸುತ್ತಿನ ಚಹಾ ತುಸು ಕದಡಿದಂತೆ ಕಂಡರೆ ಅದು ಲೇಪದ ಪುಡಿ, ದೋಷವಲ್ಲ.

ನಮ್ಮವರಿಗೆ ಕಷ್ಟವಾಗುವುದು ಈ 'ಅದೇ ಎಲೆ' ಎಂಬ ಮಾತು. ಫಿಲ್ಟರ್ ಕಾಫಿಯ ಮನೆಗಳಲ್ಲಿ ಮೊದಲ ಡಿಕಾಕ್ಷನ್ನಿಗೆ ಇರುವ ಮರ್ಯಾದೆ ಎರಡನೆಯದಕ್ಕಿಲ್ಲ. ಅತಿಥಿಗೆ ಎರಡನೇ ಡಿಕಾಕ್ಷನ್ ಕೊಟ್ಟರೆ ಅವಮಾನವೆಂದೇ ಎಣಿಕೆ. ಇಲ್ಲಿ ಲೆಕ್ಕ ತಿರುಗುಮುರುಗು. ಮೊದಲ ಸುತ್ತು ಬೇರಿನದು, ಎರಡನೆಯ ಮತ್ತು ಮೂರನೆಯ ಸುತ್ತುಗಳಲ್ಲಿ ಬೇರೂ ಎಲೆಯೂ ಸಮಸಮವಾಗಿ ಬೆರೆಯುತ್ತವೆ. ಅತಿಥಿಗೆ ಕೊಡಬೇಕಾದದ್ದು ಅವೇ.

ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ಗಸಿಗೆ ನೀರು ಹೊಯ್ದು ಕುಡಿಯೋ ಬಡತನ ನಮಗೇನೂ ಬಂದಿಲ್ಲ" ಎಂದು ಪ್ರತಿ ಬಾರಿಯೂ ಹೊಸ ಚಮಚ ಹಾಕುತ್ತಿದ್ದರು. ಸಕ್ಕರೆಯಿಲ್ಲದ ಸಿಹಿ ಸಿಕ್ಕಿತೆಂಬ ಸಂತೋಷದಲ್ಲಿ ದಿನಕ್ಕೆ ಐದು ಲೋಟವಾಯಿತು. ಅವರ ಸಂತೋಷ ನೋಡಿ ನಾನೂ ಡಬ್ಬ ಖಾಲಿಯಾಗದಂತೆ ನೋಡಿಕೊಂಡೆ.

ಎಚ್ಚರ ಬೇಕಾದಲ್ಲಿ

ಮೂರು ವಾರ ಕಳೆಯುವಷ್ಟರಲ್ಲಿ ಅಮ್ಮನ ಪಾದಗಳು ಊದಿಕೊಂಡವು. ಮಾತ್ರೆಯಿಂದ 130ರ ಆಸುಪಾಸಿನಲ್ಲಿರುತ್ತಿದ್ದ ರಕ್ತದೊತ್ತಡ ಮನೆಯ ಯಂತ್ರದಲ್ಲಿ 160ನ್ನು ದಾಟಿತು. ಉಪ್ಪು ಕಡಿಮೆ ಮಾಡಿದೆವು, ಉಪ್ಪಿನಕಾಯಿ ನಿಲ್ಲಿಸಿದೆವು. ಇಳಿಯಲಿಲ್ಲ. ವೈದ್ಯರ ಬಳಿಗೆ ಕರೆದುಕೊಂಡು ಹೋದಾಗ ಅವರು ಮಾತ್ರೆಗಳ ಪಟ್ಟಿ ನೋಡಿ, ಇತ್ತೀಚೆಗೆ ಆಹಾರದಲ್ಲಿ ಹೊಸದೇನಾದರೂ ಸೇರಿದೆಯೇ ಎಂದು ಕೇಳಿದರು. "ಏನೂ ಇಲ್ಲ, ಚಹಾ ಅಷ್ಟೆ" ಎಂದೆ. ಯಾವ ಚಹಾ ಎಂಬ ಪ್ರಶ್ನೆ ಬಂದಾಗ ಅಮ್ಮ ಕನ್ನಡದಲ್ಲಿ ಹೇಳಿದ್ದನ್ನೇ ನಾನು ಇಂಗ್ಲಿಷಿಗೆ ತಿರುಗಿಸಿದೆ. ಜೇಷ್ಠಮಧುವಿನ ಹೆಸರು ಕೇಳಿ ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

ನಮ್ಮ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಯಾವಾಗಲೂ ಇರುತ್ತದೆ. ಮೂತ್ರಪಿಂಡದಲ್ಲಿರುವ ಒಂದು ಕಿಣ್ವ ಅದನ್ನು ನಿಷ್ಕ್ರಿಯಗೊಳಿಸುತ್ತಿರುತ್ತದೆ. ಜೇಷ್ಠಮಧುವಿನ ಗ್ಲಿಸಿರೈಜಿನ್ ಜೀರ್ಣವಾದಾಗ ಹುಟ್ಟುವ ವಸ್ತು ಈ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಮೂತ್ರಪಿಂಡಕ್ಕೆ ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆ ಸೂಚನೆ ಕೊಡತೊಡಗುತ್ತದೆ. ಸೋಡಿಯಂ ಮತ್ತು ನೀರು ದೇಹದಲ್ಲಿ ಉಳಿಯುತ್ತವೆ, ಪೊಟ್ಯಾಸಿಯಂ ಹೊರಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತವೂ ತಾಳ ತಪ್ಪುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 40 ದಾಟಿದವರಿಗೆ ಜೇಷ್ಠಮಧುವಿನ ಕಪ್ಪು ಮಿಠಾಯಿಯ ಬಗ್ಗೆ ಎಚ್ಚರಿಕೆ ನೀಡಿರುವುದು ಈ ಕಾರಣಕ್ಕಾಗಿಯೇ.

ದಿನಕ್ಕೆ 100 ಮಿಲಿಗ್ರಾಂವರೆಗಿನ ಗ್ಲಿಸಿರೈಜಿನ್ ಹೆಚ್ಚಿನ ವಯಸ್ಕರಿಗೆ ತೊಂದರೆ ಕೊಡದೆಂಬುದು ತಜ್ಞ ಸಮಿತಿಗಳ ಅಂದಾಜು. ಆದರೆ ಚಹಾದ ಪೊಟ್ಟಣದ ಮೇಲೆ ಅದರ ಪ್ರಮಾಣ ಬರೆದಿರುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಲೋಟಕ್ಕೆ ಹಾಕುವ ಚಹಾದಲ್ಲಿ ಅರ್ಧ ಗ್ರಾಂ ಜೇಷ್ಠಮಧುವಿನ ಪುಡಿ ಇದ್ದು, ಅದರಲ್ಲಿ ಶೇಕಡಾ 4ರಷ್ಟು ಗ್ಲಿಸಿರೈಜಿನ್ ಇದೆಯೆಂದುಕೊಂಡರೆ ಲೋಟಕ್ಕೆ 20 ಮಿಲಿಗ್ರಾಂ. ದಿನಕ್ಕೆ ಐದು ಬಾರಿ ಹೊಸ ಎಲೆ ಹಾಕಿದರೆ 100 ಮಿಲಿಗ್ರಾಂ. ಇದು ಊಹೆಯ ಲೆಕ್ಕವೇ ಸರಿ, ಆದರೆ ಮಿತಿ ಎಷ್ಟು ಹತ್ತಿರದಲ್ಲಿದೆಯೆಂದು ತೋರಿಸುತ್ತದೆ. ವಯಸ್ಸಾದವರು ಮತ್ತು ರಕ್ತದೊತ್ತಡ ಉಳ್ಳವರು ಇದಕ್ಕೂ ಕಡಿಮೆ ಪ್ರಮಾಣಕ್ಕೆ ಬಾಧೆಪಡಬಹುದು.

ಆದ್ದರಿಂದ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು, ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಇದನ್ನು ಬಿಡುವುದೇ ಲೇಸು. ಜಿನ್ಸೆಂಗ್ ಕೂಡ ನಿರಪಾಯಕಾರಿಯಲ್ಲ. ಅದು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಕುಗ್ಗಿಸಬಲ್ಲದು, ರಕ್ತದ ಸಕ್ಕರೆಯನ್ನೂ ಇಳಿಸಬಲ್ಲದು. ಮೂಲಿಕೆಯ ಚಹಾ ಎಂದ ಮಾತ್ರಕ್ಕೆ ಕೆಫೀನ್ ಇಲ್ಲವೆಂದೂ ಭಾವಿಸಬಾರದು. ಒಳಗಿರುವುದು ನಿಜವಾದ ಚಹಾದ ಎಲೆ. ಆರೋಗ್ಯವಂತರು ದಿನಕ್ಕೊಮ್ಮೆ ಒಂದು ಚಮಚ ಎಲೆ ಹಾಕಿ, ಮೊದಲ ನೀರನ್ನು ಚೆಲ್ಲಿ, ಅದೇ ಎಲೆಯನ್ನು ಮತ್ತೆ ಮತ್ತೆ ಇಳಿಸಿ ಕುಡಿಯುವುದು ರುಚಿಗೂ ಒಳ್ಳೆಯದು, ಮಿತಿಗೂ ಒಳ್ಳೆಯದು.

ಅಮ್ಮ ಚಹಾ ನಿಲ್ಲಿಸಿದರು. ಊತ ಒಂದು ವಾರದಲ್ಲಿ ಇಳಿಯಿತು, ರಕ್ತದೊತ್ತಡ ಹಳೆಯ ಮಟ್ಟಕ್ಕೆ ಬರಲು ಮೂರು ವಾರ ಹಿಡಿಯಿತು. ಎಲ್ಲವೂ ಚಹಾದಿಂದಲೇ ಆಯಿತೆಂದು ಸಾಧಿಸಲಾಗದು, ಆದರೆ ಅದೇ ಹೆಚ್ಚು ಸಂಭವನೀಯ ಎಂದರು ವೈದ್ಯರು. ಊರಿನಲ್ಲಿ ಅಮ್ಮ ಜೇಷ್ಠಮಧುವನ್ನು ಕಲ್ಲಿನ ಮೇಲೆ ನಾಲ್ಕು ಸುತ್ತು ತೇದು, ಜೇನಿನಲ್ಲಿ ಕಲಸಿ, ಕೆಮ್ಮು ನಿಲ್ಲುವವರೆಗೆ ಎರಡು ದಿನ ನೆಕ್ಕಿಸುತ್ತಿದ್ದರು. ಅಲ್ಲಿ ಅದು ಮದ್ದಾಗಿತ್ತು, ಅಳತೆಯಿತ್ತು. ಇಲ್ಲಿ ನಾನು ಅದನ್ನು ಪಾನೀಯವೆಂದು ಲೋಟಗಟ್ಟಲೆ ಕೊಟ್ಟೆ.

ಈಗಲೂ ಆ ಚಹಾ ನಮ್ಮ ಮನೆಯಲ್ಲಿದೆ. ಡಬ್ಬದ ಮೇಲೆ ಜಿನ್ಸೆಂಗ್ ಊಲಾಂಗ್ ಎಂಬುದರ ಕೆಳಗೆ ಜೇಷ್ಠಮಧು ಎಂದು ಕನ್ನಡದಲ್ಲಿ ದಪ್ಪಗೆ ಬರೆದು ಅಂಟಿಸಿದ್ದೇನೆ. ಊರಿನಿಂದ ಅಪ್ಪ ಅಮ್ಮಂದಿರು ಬಂದಿರುವ ಸ್ನೇಹಿತರು ಮನೆಗೆ ಬಂದರೆ, ಲೋಟ ತುಂಬುವ ಮೊದಲು ಹಿರಿಯರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂದು ಕೇಳಿಕೊಳ್ಳುತ್ತೇನೆ.